ಜಾತಿ ಕೇಳದ ಜೊತೆಗಾರ

*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ತ್ರಿಸರಣ, ಪಂಚಶೀಲ ಮುಗಿದು ಚಹಾ ಕುಡಿಯುವಾಗ ನಮ್ಮ ಬಳಗದ ಇಂಜಿನಿಯರಿಂಗ್ ಓದುವ ಹುಡುಗ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಜಪಾನಿನ ಕ್ಯೋಟೋ ನಗರದಲ್ಲಿ ಕೊಡೈಜಿ ಎಂಬ ಹಳೆಯ ಬೌದ್ಧ ಮಂದಿರವಿದೆ. ಅಲ್ಲಿ 2019ರಲ್ಲಿ ಪ್ರವಚನ ಕೊಡಲು ಒಂದು ರೋಬೋಟನ್ನು ನಿಲ್ಲಿಸಿದರು. ಹೆಸರು ಮಿಂದಾರ್. ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರನ ರೂಪ ಅದು ಎಂದು ಮಂದಿರದವರು ಹೇಳುತ್ತಾರೆ. ಎತ್ತರ ಸುಮಾರು 195 ಸೆಂಟಿಮೀಟರ್. ಮುಖ, ಕೈ ಮತ್ತು ಭುಜಕ್ಕೆ ಮಾತ್ರ ಸಿಲಿಕೋನ್ ಚರ್ಮ, ಉಳಿದ ಮೈಯಲ್ಲಿ ಅಲ್ಯೂಮಿನಿಯಂ ಮತ್ತು ವೈರುಗಳು ಎದ್ದು ಕಾಣುತ್ತವೆ. ಹೃದಯ ಸೂತ್ರದ ಅರ್ಥವನ್ನು ಅದು ಬಿಡಿಸಿ ಹೇಳುತ್ತದೆ. ಹುಡುಗ ಕೇಳಿದ: "ನಾಳೆ ನಮ್ಮ ವಿಹಾರಕ್ಕೂ ಇಂಥದ್ದೊಂದು ಬಂದ್ರೆ ಕೂತು ಕೇಳ್ತೀರಾ ಮಿಸ್?"

ಕೆಲವರು ನಕ್ಕರು. ಹಿರಿಯ ಉಪಾಸಕರೊಬ್ಬರು "ಕರೆಂಟ್ ಹೋದ್ರೆ ಪ್ರವಚನ ಅರ್ಧಕ್ಕೇ ನಿಂತೋಗುತ್ತಲ್ಲಪ್ಪಾ" ಎಂದರು. ಅಲ್ಲಿಗೆ ಎಲ್ಲರೂ ಲೋಟ ತೊಳೆಯಲು ಎದ್ದರು. ನನಗೆ ಮಾತ್ರ ಆ ಪ್ರಶ್ನೆ ವಾರವಿಡೀ ಬಿಡಲಿಲ್ಲ. ಪ್ರವಚನದ ರೋಬೋಟು ನಮ್ಮ ಊರಿಗೆ ಬರುವುದು ದೂರದ ಮಾತು. ಆದರೆ ಮಾತಾಡುವ, ಜೊತೆಗಿರುವ, ಸಮಾಧಾನ ಹೇಳುವ ಯಂತ್ರಗಳು ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇವೆ. ಮಿಕ್ಸಿ, ವಾಷಿಂಗ್ ಮಷೀನುಗಳನ್ನು ನಾವು ಒಪ್ಪಿಕೊಂಡ ಕಾರಣ ಎಲ್ಲರಿಗೂ ಗೊತ್ತು, ರಟ್ಟೆಗೆ ಬಿಡುವು ಬೇಕಿತ್ತು. ಜೊತೆಗಾರನ ಜಾಗದಲ್ಲಿ ಯಂತ್ರವನ್ನು ಕೂರಿಸಿಕೊಳ್ಳಲು ಮನುಷ್ಯ ಒಪ್ಪುವುದು ಯಾಕೆ? ಈ ಪ್ರಶ್ನೆಯೊಳಗೆ ನಮಗೆ ಸಂಬಂಧಪಟ್ಟದ್ದು ಬಹಳ ಇದೆ ಎಂದು ನನಗನ್ನಿಸಿದೆ. ಆದ್ದರಿಂದ ಇವತ್ತು ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಮೊದಲು ಒಂದು ಸೀಲ್ ಮರಿಯ ಕಥೆ. ಜಪಾನಿನ ಶಿಬಾತಾ ತಕಾನೋರಿ ಎಂಬ ವಿಜ್ಞಾನಿ 1993ರಿಂದ 'ಪಾರೋ' ಎಂಬ ರೋಬೋಟಿನ ಮೇಲೆ ಕೆಲಸ ಮಾಡಿದರು. 2005ರಲ್ಲಿ ಅದು ಅಲ್ಲಿ ಮಾರಾಟಕ್ಕೆ ಬಂತು. 2009ರಲ್ಲಿ ಅಮೆರಿಕದ ಔಷಧ ಇಲಾಖೆ ಅದನ್ನು ವೈದ್ಯಕೀಯ ಉಪಕರಣ ಎಂದೇ ಪರಿಗಣಿಸಿತು. ನೋಡಲು ಬಿಳಿ ತುಪ್ಪಳದ ಸೀಲ್ ಮರಿ. ತೂಕ ಎರಡೂವರೆ ಕಿಲೋಗಿಂತ ಸ್ವಲ್ಪ ಹೆಚ್ಚು, ಹೆಚ್ಚುಕಮ್ಮಿ ಆಗ ಹುಟ್ಟಿದ ಕೂಸಿನ ತೂಕ. ಸವರಿದರೆ ಕಣ್ಣು ಮುಚ್ಚಿ ತೆರೆಯುತ್ತದೆ, ಕುಂಯ್ ಎನ್ನುತ್ತದೆ, ದನಿ ಬಂದ ಕಡೆ ತಲೆ ತಿರುಗಿಸುತ್ತದೆ. ಚಾರ್ಜ್ ಮಾಡಬೇಕಾದರೆ ಮಗುವಿನ ಬಾಯಿಗೆ ನಿಪ್ಪಲ್ ಇಟ್ಟಂತೆ ಚಾರ್ಜರ್ ಇಡಬೇಕು. ಮರೆವಿನ ಕಾಯಿಲೆಯ ವೃದ್ಧರು ಅದನ್ನು ತೊಡೆಯ ಮೇಲಿಟ್ಟುಕೊಂಡು ಸಮಾಧಾನಗೊಳ್ಳುತ್ತಾರೆ.

ಸೀಲೇ ಯಾಕೆ? ನಾಯಿ ಬೆಕ್ಕು ಇರಲಿಲ್ಲವೇ? ಮೊದಲು ಬೆಕ್ಕಿನ ರೂಪವನ್ನೂ ಮಾಡಿ ನೋಡಿದ್ದರಂತೆ. ಜನ ಅದನ್ನು ಮುಟ್ಟಿ "ನಮ್ಮನೆ ಬೆಕ್ಕು ಹೀಗಿರಲ್ಲ" ಎಂದು ತಪ್ಪು ಹುಡುಕಿದರು. ಸೀಲ್ ಮರಿಯನ್ನು ಯಾರೂ ಮಡಿಲಲ್ಲಿಟ್ಟು ಸಾಕಿದವರಿಲ್ಲ, ಹಾಗಾಗಿ ಹೋಲಿಸಿ ನೋಡಲು ಅಳತೆಗೋಲೇ ಇಲ್ಲ. ಗೊತ್ತಿಲ್ಲದ್ದನ್ನು ಜನ ಬೇಗ ಒಪ್ಪಿದರು. ಇದು ನನಗೆ ಬಹಳ ಕುತೂಹಲದ ವಿಷಯ, ಯಾಕೆಂದರೆ ನಮ್ಮ ಅನುಭವ ಇದಕ್ಕೆ ತದ್ವಿರುದ್ಧ. ಗೊತ್ತಿಲ್ಲದ ಮನುಷ್ಯ ಮನೆಬಾಗಿಲಿಗೆ ಬಂದರೆ ನಮ್ಮ ಸಮಾಜ ಮೊದಲು ಕೇಳುವುದು ಯಾವೂರು, ಎರಡನೆಯದು ಯಾರ ಪೈಕಿ. ಉತ್ತರ ಸಿಗುವ ತನಕ ಲೋಟ ಹೊರಗೆ ಬರುವುದಿಲ್ಲ.

ಇದರ ಮೇಲೆ ಶಾಸ್ತ್ರೀಯ ಅಧ್ಯಯನಗಳೂ ಇವೆ. ಫ್ರೆಡ್ ಡೇವಿಸ್ ಎಂಬುವರು 1989ರಲ್ಲಿ ಒಂದು ಮಾದರಿ ಕೊಟ್ಟರು. ಹೊಸ ತಂತ್ರಜ್ಞಾನವನ್ನು ಜನ ಒಪ್ಪುವುದಕ್ಕೆ ಎರಡು ಮುಖ್ಯ ಕಾರಣ: ಇದರಿಂದ ನನಗೆ ಉಪಯೋಗವಿದೆ ಎಂಬ ಭಾವನೆ, ಬಳಸುವುದು ಸುಲಭ ಎಂಬ ಭಾವನೆ. ಕಂಪ್ಯೂಟರಿಗೆ ಈ ಲೆಕ್ಕ ಸಾಕಿತ್ತು. ವೃದ್ಧರ ಜೊತೆಗಿರುವ ರೋಬೋಟಿಗೆ ಸಾಲಲಿಲ್ಲ. 2010ರಲ್ಲಿ ನೆದರ್‌ಲೆಂಡ್ಸಿನ ಹೀರಿಂಕ್ ಮತ್ತು ಸಂಗಡಿಗರು ಇದಕ್ಕೆ ಇನ್ನಷ್ಟು ಸೇರಿಸಿದರು: ಅದರ ಜೊತೆ ಸಂತೋಷ ಸಿಗುತ್ತದೆಯೇ, ಅದರ ಮೇಲೆ ನಂಬಿಕೆ ಬರುತ್ತದೆಯೇ, ಭಯ ಇದೆಯೇ, ಎದುರಿಗೆ ಯಾರೋ ಇದ್ದಾರೆ ಅನ್ನಿಸುತ್ತದೆಯೇ, ಸುತ್ತಲಿನವರು ಏನೆನ್ನುತ್ತಾರೆ. ಎಲ್ಲ ಸರಿಯೇ. ಆದರೆ ಈ ಪಟ್ಟಿ ಯಂತ್ರವನ್ನೂ ಅದರ ಎದುರು ಕೂತವರನ್ನೂ ಮಾತ್ರ ನೋಡುತ್ತದೆ. ಆ ಅಜ್ಜಿಯ ಎದುರು ಯಂತ್ರ ಬಂದು ಕೂರುವ ಮೊದಲು ಆ ಕುರ್ಚಿಯಲ್ಲಿ ಯಾರಿದ್ದರು, ಯಾಕೆ ಎದ್ದು ಹೋದರು ಎಂದು ಕೇಳುವುದಿಲ್ಲ.

ಅದನ್ನು ಕೇಳಿದವರು ಶೆರ್ರಿ ಟರ್ಕಲ್ ಎಂಬ ಅಮೆರಿಕದ ವಿದ್ವಾಂಸೆ. 2011ರ 'ಅಲೋನ್ ಟುಗೆದರ್' ಪುಸ್ತಕದಲ್ಲಿ ಅವರು ವೃದ್ಧೆಯೊಬ್ಬರನ್ನು ವರ್ಣಿಸುತ್ತಾರೆ. ಮಗ ಸಂಬಂಧ ಕಡಿದುಕೊಂಡಿದ್ದಾನೆ. ಆಕೆ ಪಾರೋವನ್ನು ಸವರುತ್ತಾ ನಿನಗೂ ದುಃಖವಾಗಿದೆಯಲ್ಲ ಎಂದು ಅದಕ್ಕೇ ಸಾಂತ್ವನ ಹೇಳುತ್ತಾರೆ, ಹಾಗೆ ಹೇಳುತ್ತ ತಾವೇ ಹಗುರಾಗುತ್ತಾರೆ. ಟರ್ಕಲ್‌ಗೆ ಇದು ಸಂತೋಷ ಕೊಡಲಿಲ್ಲ, ಕಳವಳ ತಂದಿತು. ಜನರ ಮಾತು ಜಾರುತ್ತಾ ಹೋಗುವುದನ್ನು ಅವರು ಗುರುತಿಸುತ್ತಾರೆ. ಮೊದಲು, ಯಾರೂ ಇಲ್ಲದ್ದಕ್ಕಿಂತ ಯಂತ್ರವಾದರೂ ಇರಲಿ ಎನ್ನುತ್ತೇವೆ. ಸ್ವಲ್ಪ ದಿನದಲ್ಲಿ, ಮನುಷ್ಯರಿಗಿಂತ ಯಂತ್ರವೇ ವಾಸಿ ಎನ್ನತೊಡಗುತ್ತೇವೆ.

ಈ ಎರಡನೆಯ ಮಾತನ್ನು ನಾನು ನನ್ನ ತರಗತಿಯಲ್ಲೇ ಕೇಳಿದ್ದೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ, ನಮ್ಮ ಕೇರಿಯವಳೇ, ವ್ಯಾಕರಣದ ಸಂದೇಹಗಳನ್ನು ಫೋನಿನ ಮಾತಾಡುವ ಆಪ್‌ಗೆ ಕೇಳುತ್ತಾಳೆ. ನನಗೆ ಕೇಳಬಹುದಲ್ಲಮ್ಮ ಎಂದರೆ, "ನಿಮಗೆ ಕೇಳ್ತೀನಿ ಮಿಸ್. ಆದ್ರೆ ಕ್ಲಾಸಲ್ಲಿ ಕೇಳಿದ್ರೆ ಹಿಂದಿನ ಬೆಂಚೋರು ನಗ್ತಾರೆ. ಅದು ಎಷ್ಟು ಸಲ ಕೇಳಿದ್ರೂ ನಗಲ್ಲ, ಬೈಯಲ್ಲ" ಎಂದಳು. ಇನ್ನೊಂದು ಮಾತನ್ನೂ ಸೇರಿಸಿದಳು: "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ ಅಂತ ಅದು ಕೇಳಲ್ಲ."

ಈ ಹುಡುಗಿಗೆ ಯಂತ್ರ ಬುದ್ಧಿವಂತ ಅನ್ನಿಸಿದ್ದರಿಂದ ಹಿಡಿಸಿತು ಎಂದು ಯಾರಾದರೂ ಬರೆದರೆ ಅದು ಅರ್ಧ ಸತ್ಯ. ಅದರ ಎದುರು ಅವಳು ಬರೀ ಪ್ರಶ್ನೆ ಕೇಳುವ ಒಂದು ಮನಸ್ಸು. ಜೋಸೆಫ್ ವೈಜನ್‌ಬಾಮ್ ಎಂಬುವರು 1966ರಲ್ಲಿ ಅಮೆರಿಕದಲ್ಲಿ 'ಎಲೈಜಾ' ಎಂಬ ಮಾತಾಡುವ ಪ್ರೋಗ್ರಾಂ ಬರೆದಿದ್ದರು. ನೀವು ಟೈಪ್ ಮಾಡಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವ ಸಣ್ಣ ಚಮತ್ಕಾರ ಅದು. ಅದನ್ನು ತಯಾರು ಮಾಡುವುದನ್ನು ಕಣ್ಣಾರೆ ಕಂಡಿದ್ದ ಅವರ ಸೆಕ್ರೆಟರಿಯೇ, ಅದರೊಂದಿಗೆ ಸ್ವಲ್ಪ ಮಾತಾಡಿದ ಮೇಲೆ, ನೀವು ಕೋಣೆಯಿಂದ ಆಚೆ ಹೋಗಿ ಎಂದು ಅವರನ್ನು ಕೇಳಿಕೊಂಡರಂತೆ. ಆಚೆ ಹೋಗಬೇಕಾದದ್ದು ಮನುಷ್ಯ! ವೈಜನ್‌ಬಾಮ್ ಗಾಬರಿಯಾದರು. ನಮ್ಮ ಕೇರಿಯ ಹುಡುಗಿಯನ್ನು ನೋಡಿದ್ದರೆ ಅವರಿಗೆ ಅಷ್ಟು ಆಶ್ಚರ್ಯ ಆಗುತ್ತಿರಲಿಲ್ಲವೇನೋ.

ನಮ್ಮ ಊರುಗಳ ಶುದ್ಧ ಕುಡಿಯುವ ನೀರಿನ ಘಟಕ ನೆನಪು ಮಾಡಿಕೊಳ್ಳಿ. ನಾಣ್ಯ ಹಾಕಿದರೆ ಕ್ಯಾನಿಗೆ ನೀರು ಬೀಳುತ್ತದೆ. ನಾಣ್ಯ ಯಾರ ಕೈಯಿಂದ ಬಂತು ಎಂದು ಪೆಟ್ಟಿಗೆ ಕೇಳುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಒಂದು ಬೊಗಸೆ ನೀರು ಕುಡಿದದ್ದಕ್ಕೆ ನಮ್ಮ ಜನ ಪೆಟ್ಟು ತಿಂದರು, ಆಮೇಲೆ ಆ ಕೆರೆಯನ್ನು ಮಂತ್ರ ಹಾಕಿ 'ಶುದ್ಧ' ಮಾಡಿದರು. ಆ ಇತಿಹಾಸ ಬೆನ್ನಿಗಿರುವವರಿಗೆ ಕೇಳದ ಯಂತ್ರ ಹಿತವಾಗುವುದು ಸಹಜ. ಮನುಷ್ಯರ ನಡುವೆ ಯಂತ್ರದ ಕಡೆ ವಾಲುವವರನ್ನು ಒಂಟಿಗರು, ಮೊಬೈಲ್ ಹುಚ್ಚಿನವರು ಎಂದು ಬೈಯುವ ಮೊದಲು ಅವರಿಗೆ ಮನುಷ್ಯರು ಏನು ಕೊಟ್ಟಿದ್ದರು ಎಂದು ನೋಡಬೇಕು. (ಘಟಕವನ್ನು ಯಾವ ಬೀದಿಯಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವುದು ಮಾತ್ರ ಯಂತ್ರವಲ್ಲ. ಅದು ಬೇರೆ ಮಾತು, ಪಂಚಾಯ್ತಿ ಸಭೆಗಳಿಗೆ ಹೋದವರಿಗೆ ಗೊತ್ತು.)

ಇಲ್ಲಿಯವರೆಗೆ ಯಂತ್ರದ ಪರವಾಗಿ ಹೇಳಿದೆ. ಇನ್ನೊಂದು ಮುಖವಿದೆ.

ನಮ್ಮ ಅತ್ತೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದಾಗ, ನಾನು ಶಾಲೆಗೆ ಹೋಗುವ ಹೊತ್ತಿನಲ್ಲಿ ನೋಡಿಕೊಳ್ಳಲು ಒಬ್ಬ ಅಕ್ಕ ಬರುತ್ತಿದ್ದರು. ನಮ್ಮವರೇ. ನಮ್ಮಲ್ಲಿಗೆ ಬರುವ ಮೊದಲು ಅವರು ನಗರದ ಒಂದು ದೊಡ್ಡ ಮನೆಯಲ್ಲಿ ಒಬ್ಬ ಅಜ್ಜನನ್ನು ನೋಡಿಕೊಳ್ಳುತ್ತಿದ್ದರು. ಆ ಅಜ್ಜನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಅಕ್ಕನೇ ಮಲಮೂತ್ರ ತೆಗೆದು, ಮೈ ಒರೆಸಿ, ಬಟ್ಟೆ ಹಾಕಬೇಕು. ಅದಕ್ಕೆಲ್ಲ ಅಡ್ಡಿಯಿರಲಿಲ್ಲ. ಆದರೆ ಕುಡಿಯುವ ನೀರಿನ ಲೋಟವನ್ನು ಅಕ್ಕ ಮುಟ್ಟುವಂತಿರಲಿಲ್ಲ. ಬಾಯಾರಿದರೆ ಅಜ್ಜ ಬೆಲ್ ಒತ್ತಬೇಕು, ಮೇಲಿನ ಮಹಡಿಯಿಂದ ಸೊಸೆ ಇಳಿದು ಬಂದು ಕುಡಿಸಬೇಕು. ಅಕ್ಕ ಹಾಸಿಗೆಯ ಪಕ್ಕದಲ್ಲೇ ನಿಂತಿರುತ್ತಿದ್ದರು. "ಒಂದ್ಸಲ ಸೊಸೆ ಮನೇಲಿರಲಿಲ್ಲ ಕಣವ್ವ, ಸಂಜೆ ತನಕ ಹಂಗೇ ನಾಲಿಗೆ ಒಣಗಿಸ್ಕೊಂಡು ಮಲಗಿತ್ತು ಆ ಜೀವ. ನಾನು ಕೊಡ್ತೀನಿ ಅಂದ್ರೆ ಮುಖ ಆ ಕಡೆ ತಿರುಗಿಸ್ತು" ಎಂದು ಅಕ್ಕ ಹೇಳಿದ್ದರು. ಹೇಳುವಾಗ ಅವರಿಗೆ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎಂಬ ದನಿಯಿತ್ತು. ಸಿಟ್ಟು ಬಂದದ್ದು ನನಗೆ.

ಆ ಮನೆಗೆ ನಾಳೆ ನೀರು ಕುಡಿಸುವ, ಮೈ ಒರೆಸುವ, ಎರಡು ಒಳ್ಳೆಯ ಮಾತಾಡುವ ರೋಬೋಟು ಬಂದರೆ ಆ ಅಜ್ಜ ಒಪ್ಪುತ್ತಾನೆಯೇ? ಒಂದು ಕ್ಷಣವೂ ಯೋಚಿಸದೆ ಒಪ್ಪುತ್ತಾನೆ ಎಂಬುದು ನನ್ನ ಅಂದಾಜು. ಅದಕ್ಕೆ ಜಾತಿಯಿಲ್ಲ, ಹಾಗಾಗಿ ಮೈಲಿಗೆಯಿಲ್ಲ. ಅದನ್ನು ಮನುಷ್ಯಳೆಂದು ಗೌರವಿಸುವ ತೊಂದರೆಯೂ ಇಲ್ಲ.

ಆ ಒಂಬತ್ತನೇ ಕ್ಲಾಸಿನ ಹುಡುಗಿಯೂ ಯಂತ್ರವನ್ನು ಒಪ್ಪಿದ್ದಾಳೆ, ಈ ಅಜ್ಜನೂ ಒಪ್ಪುತ್ತಾನೆ. ಕಾರಣವೂ ಒಂದೇ, ಯಂತ್ರಕ್ಕೆ ಜಾತಿಯಿಲ್ಲ. ಸರ್ವೆ ಮಾಡುವವರು ಬಂದು ಫಾರಂ ತುಂಬಿಸಿದರೆ ಇಬ್ಬರೂ ಒಂದೇ ಚೌಕದಲ್ಲಿ ಟಿಕ್ ಹಾಕುತ್ತಾರೆ. ಒಬ್ಬಳು ಅವಮಾನದಿಂದ ಪಾರಾಗಲು ಅಲ್ಲಿಗೆ ಹೋದಳು. ಇನ್ನೊಬ್ಬ ತನ್ನ ಅಹಂಕಾರವನ್ನು ಸ್ವಲ್ಪವೂ ಕಳೆದುಕೊಳ್ಳದೆ ಬಾಯಾರಿಕೆ ತೀರಿಸಿಕೊಳ್ಳಲು ಹೋದ. ಕರ್ಮವೆಂದರೆ ಚೇತನ, ಅಂದರೆ ಮಾಡುವಾಗಿನ ಉದ್ದೇಶ ಎಂದು ಭಗವಾನರು ವಿವರಿಸಿದ್ದನ್ನು ನಾವು ಓದಿದ್ದೇವೆ. ಹೊರಗಿನಿಂದ ಒಂದೇ ರೀತಿ ಕಾಣುವ ಒಪ್ಪಿಗೆಯನ್ನು ಒಳಗಿನಿಂದ ಬೇರೆ ಮಾಡಿ ನೋಡಲು ನಮಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಬಾಬಾಸಾಹೇಬರು ಯಂತ್ರದ ವಿರೋಧಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕೈಕೆಲಸವೇ ಪವಿತ್ರ, ಯಂತ್ರ ಕೆಡುಕು ಎಂಬ ಗಾಂಧೀಜಿಯ ವಾದವನ್ನು 1945ರ ಪುಸ್ತಕದಲ್ಲಿ ಅವರು ಕಟುವಾಗಿ ಟೀಕಿಸಿದರು. ಪಶುವಿನಂತೆ ದುಡಿಯುವ ಮನುಷ್ಯನಿಗೆ ಬಿಡುವು ಬೇಕು, ಬಿಡುವಿಲ್ಲದೆ ಸಂಸ್ಕೃತಿಯಿಲ್ಲ, ಆ ಬಿಡುವನ್ನು ಕೊಡುವುದು ಯಂತ್ರ ಎಂಬುದು ಅವರ ನಿಲುವು. ಯಂತ್ರದಿಂದ ಕೇಡಾಗಿದ್ದರೆ ತಪ್ಪು ಯಂತ್ರದ್ದಲ್ಲ, ಅದರ ಲಾಭವನ್ನು ಕೆಲವರೇ ಬಾಚಿಕೊಳ್ಳುವ ಸಮಾಜ ವ್ಯವಸ್ಥೆಯದ್ದು ಎಂದರು. ಹಾಗೆಯೇ 1936ರ 'ಜಾತಿ ವಿನಾಶ'ದಲ್ಲಿ, ಜಾತಿಯೆಂಬುದು ಇಟ್ಟಿಗೆಯ ಗೋಡೆಯಲ್ಲ, ಮನಸ್ಸಿನೊಳಗಿನ ಒಂದು ಭಾವನೆ, ಅದನ್ನು ಕೆಡವಬೇಕಾದರೆ ಮನಸ್ಸೇ ಬದಲಾಗಬೇಕು ಎಂದರು. ಎರಡನ್ನೂ ಒಟ್ಟಿಗೆ ಇಟ್ಟು ಆ ಅಜ್ಜನ ಕೋಣೆಯನ್ನು ನೋಡಿ. ಯಂತ್ರ ಬಂದರೆ ಅಕ್ಕನಿಗೆ ಆ ಕೆಲಸದ ಹೇಸಿಗೆ ತಪ್ಪುತ್ತದೆ, ಒಳ್ಳೆಯದು. ಅಜ್ಜನ ಮನಸ್ಸು ಬದಲಾಗಬೇಕಾದ ಅಗತ್ಯವೂ ತಪ್ಪಿಹೋಗುತ್ತದೆ. ಇಲ್ಲಿಯವರೆಗೆ ಆತನಿಗೆ ಕನಿಷ್ಠ ಬಾಯಾರಿಕೆಯಾದರೂ ಇತ್ತು. ಎಂದಾದರೂ ಒಂದು ದಿನ ಆ ಬಾಯಾರಿಕೆಯೇ ಆತನನ್ನು ಅಕ್ಕನ ಕೈಯ ಲೋಟಕ್ಕೆ ಬಾಯಿ ಒಡ್ಡುವಂತೆ ಮಾಡುವ ಸಾಧ್ಯತೆ ಇತ್ತು.

ಇದಕ್ಕೆ ಯಾರಾದರೂ, ಆತನ ಮನಸ್ಸು ತಿದ್ದಲೆಂದು ನಮ್ಮ ಅಕ್ಕಂದಿರು ಇನ್ನೂ ಎಷ್ಟು ತಲೆಮಾರು ಹಾಸಿಗೆ ಪಕ್ಕ ನಿಂತಿರಬೇಕು ಎಂದು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಅಕ್ಕನ ಪರವಾಗಿ ಯಂತ್ರವನ್ನೇ ಆರಿಸುತ್ತೇನೆ, ಅವರ ಕೂಲಿಗೆ ಬೇರೆ ದಾರಿ ಇದ್ದರೆ. ಈ ಕೊನೆಯ ಮಾತನ್ನು ರೋಬೋಟ್ ಮಾರುವವರು ಯಾರೂ ಆಡುವುದಿಲ್ಲ.

ಈಗ ಮಹಾವಗ್ಗದ ಒಂದು ಪ್ರಸಂಗ. ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದೇ. ಅತಿಸಾರದಿಂದ ನರಳುತ್ತಾ ತನ್ನದೇ ಮಲಮೂತ್ರದಲ್ಲಿ ಬಿದ್ದಿದ್ದ ಒಬ್ಬ ಭಿಕ್ಷುವನ್ನು ಭಗವಾನರು ಕಂಡರು. ಆನಂದರಿಂದ ನೀರು ತರಿಸಿ, ತಾವೇ ನೀರು ಸುರಿದರು, ಆನಂದರು ತೊಳೆದರು. ಒಬ್ಬರು ತಲೆ, ಒಬ್ಬರು ಕಾಲು ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿ, ಇವನನ್ನು ಯಾಕೆ ಯಾರೂ ನೋಡಿಕೊಳ್ಳಲಿಲ್ಲ ಎಂದು ಕೇಳಿದಾಗ ಬಂದ ಉತ್ತರ ಗಮನಿಸಿ: ಅವನಿಂದ ಉಳಿದ ಭಿಕ್ಷುಗಳಿಗೆ ಏನೂ ಉಪಯೋಗವಿರಲಿಲ್ಲ, ಅದಕ್ಕೆ.

ಡೇವಿಸ್ ಅವರ ಮಾದರಿಯ ಮೊದಲ ಅಂಶವೂ ಉಪಯೋಗವೇ. ವಸ್ತುವನ್ನು ಆ ಮಾತಿನಿಂದ ಅಳೆಯುವುದು ಸರಿ. ಅದೇ ಅಳತೆಯಿಂದ ಒಬ್ಬ ಭಿಕ್ಷುವನ್ನು ಅಳೆದದ್ದರಿಂದ ಆತ ಮಲದಲ್ಲಿ ಬಿದ್ದಿದ್ದ. ನಿಮಗೆ ನೋಡಿಕೊಳ್ಳಲು ಇಲ್ಲಿ ತಾಯಿಯಿಲ್ಲ, ತಂದೆಯಿಲ್ಲ, ನೀವೇ ಒಬ್ಬರನ್ನೊಬ್ಬರು ನೋಡದಿದ್ದರೆ ಇನ್ಯಾರು ನೋಡುತ್ತಾರೆ ಎಂದು ಭಗವಾನರು ಕೇಳಿದರು. ಮುಂದುವರಿದು ರೋಗಿಯ ಆರೈಕೆ ಮಾಡುವವನಿಗೆ ಬೇಕಾದ ಐದು ಗುಣಗಳನ್ನೂ ಹೇಳಿದರು. ಔಷಧ ಸಿದ್ಧಪಡಿಸಲು ಬರಬೇಕು. ರೋಗಿಗೆ ಏನು ಹಿತ ಏನು ಅಹಿತ ಗೊತ್ತಿರಬೇಕು. ಲಾಭಕ್ಕಾಗಿ ಅಲ್ಲ, ಮೈತ್ರಿಯಿಂದ ಮಾಡಬೇಕು. ಮಲ, ಮೂತ್ರ, ವಾಂತಿ ತೆಗೆಯಲು ಹೇಸಬಾರದು. ಧಮ್ಮದ ಮಾತಿನಿಂದ ರೋಗಿಯ ಮನಸ್ಸನ್ನು ಅರಳಿಸಬೇಕು.

ರೋಬೋಟನ್ನು ಈ ಪರೀಕ್ಷೆಗೆ ಕೂರಿಸಿದರೆ ಮೊದಲ ಎರಡರಲ್ಲಿ ಅದು ಪಾಸಾಗಬಹುದು. ಹೇಸದಿರುವುದರಲ್ಲಿ ನೂರಕ್ಕೆ ನೂರು. ಆದರೆ ಹೇಸಿಗೆ ಎಂಬುದೇ ಗೊತ್ತಿಲ್ಲದ್ದು ಹೇಸದಿರುವುದಕ್ಕೂ, ಹೇಸಿಗೆಯಾದರೂ ಅದನ್ನು ಗೆದ್ದು ಕೈ ಮುಂದೆ ಮಾಡುವುದಕ್ಕೂ ವ್ಯತ್ಯಾಸವಿದೆ. ಬಕೆಟ್ಟು ಮಲಕ್ಕೆ ಹೇಸುವುದಿಲ್ಲ ಎಂದು ನಾವು ಬಕೆಟ್ಟನ್ನು ಹೊಗಳುವುದಿಲ್ಲ. ಇನ್ನು ಲಾಭದ ವಿಷಯ. ರೋಬೋಟಿಗೆ ಆಸೆಯಿಲ್ಲ, ನಿಜ. ಅದನ್ನು ಮಾಡಿದ ಕಂಪನಿಗೆ ಇದೆ. ಸೋನಿ ಕಂಪನಿ 1999ರಲ್ಲಿ ಐಬೋ ಎಂಬ ನಾಯಿ ರೋಬೋಟನ್ನು ತಂದಾಗ ಜಪಾನಿನಲ್ಲಿ 3000 ನಾಯಿಗಳು ಸುಮಾರು 20 ನಿಮಿಷದಲ್ಲಿ ಖರ್ಚಾದವು. 2006ರಲ್ಲಿ ಲಾಭವಿಲ್ಲವೆಂದು ತಯಾರಿಕೆ ನಿಲ್ಲಿಸಿದರು, 2014ರಲ್ಲಿ ರಿಪೇರಿಯೂ ನಿಂತಿತು. ಮನೆಮಗುವಿನಂತೆ ನೋಡಿಕೊಂಡಿದ್ದ ಮುದುಕರು ಕಂಗಾಲಾದರು. ಚಿಬಾ ಪ್ರಾಂತ್ಯದ ಇಸುಮಿಯಲ್ಲಿರುವ ಕೊಫುಕುಜಿ ಎಂಬ ಬೌದ್ಧ ಮಂದಿರದಲ್ಲಿ ಆ ನಾಯಿಗಳಿಗೆ ಸೂತ್ರ ಪಠಿಸಿ, ಧೂಪ ಹಚ್ಚಿ, ಅಂತ್ಯಕ್ರಿಯೆಯ ವಿಧಿ ನಡೆಯಿತು. ಅನಂತರ ಅವುಗಳ ಬಿಡಿಭಾಗ ತೆಗೆದು ಇನ್ನೂ ಓಡಾಡುತ್ತಿರುವ ನಾಯಿಗಳಿಗೆ ಹಾಕುತ್ತಿದ್ದರು. ಈ ಸುದ್ದಿ ಓದಿ ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಆ ಮುದುಕರ ಪ್ರೀತಿ ಸುಳ್ಳಲ್ಲ, ಅದು ನಿಜವಾಗಿ ಹುಟ್ಟಿದ ಪ್ರೀತಿ. ಅದರ ಇನ್ನೊಂದು ತುದಿ ಮಾತ್ರ ಒಂದು ಕಂಪನಿಯ ಲೆಕ್ಕದ ಪುಸ್ತಕದಲ್ಲಿತ್ತು.

ಇಲ್ಲಿ ನಮ್ಮ ಬಳಗದ ತರ್ಕಪ್ರಿಯರು ಎತ್ತಬಹುದಾದ ಆಕ್ಷೇಪ ನನಗೆ ಗೊತ್ತು. ಬೌದ್ಧರಾದ ನಾವು ಆತ್ಮವನ್ನು ಒಪ್ಪುವುದಿಲ್ಲ. ಮಿಲಿಂದ ರಾಜನಿಗೆ ನಾಗಸೇನರು ರಥದ ಉದಾಹರಣೆ ಕೊಟ್ಟು, ಚಕ್ರ ಅಚ್ಚು ನೊಗಗಳ ಕೂಟಕ್ಕೆ ರಥ ಎಂಬ ಹೆಸರಿರುವಂತೆ ಈ ಸ್ಕಂಧಗಳ ಕೂಟಕ್ಕೆ ವ್ಯಕ್ತಿ ಎಂಬ ಹೆಸರು ಎಂದರು. ಹಾಗಿದ್ದರೆ ರೋಬೋಟೂ ಒಂದು ಕೂಟ, ನಾವೂ ಒಂದು ಕೂಟ, ಭೇದವೇನು? ಜಪಾನಿನ ಮೋರಿ ಮಸಾಹಿರೋ ಹೆಚ್ಚುಕಮ್ಮಿ ಈ ದಾರಿಯಲ್ಲೇ ಯೋಚಿಸಿದವರು. ರೋಬೋಟು ಮನುಷ್ಯನನ್ನು ಹೋಲುತ್ತಾ ಹೋದಂತೆ ಇಷ್ಟವಾಗುತ್ತದೆ, ತೀರಾ ಹೋಲತೊಡಗಿ ಸ್ವಲ್ಪ ಮಾತ್ರ ತಪ್ಪಿದಾಗ ಹೆಣ ಕಂಡಂತೆ ಮೈ ಜುಂ ಎನ್ನುತ್ತದೆ ಎಂದು 1970ರಲ್ಲಿ ಬರೆದ ಇಂಜಿನಿಯರ್ ಇವರೇ. ರೋಬೋಟಿನಲ್ಲೂ ಬುದ್ಧತ್ವವಿದೆ ಎಂಬ ಅರ್ಥದ ಪುಸ್ತಕವನ್ನೂ ಬರೆದರು. ಅವರ ಪರಂಪರೆಯ ಬುದ್ಧತ್ವದ ಕಲ್ಪನೆ ಬೇರೆ, ಅದರ ಚರ್ಚೆ ಇಲ್ಲಿ ಬೇಡ. ನಮ್ಮ ದಾರಿಯಿಂದ ನೋಡಿದರೆ ಉತ್ತರ ಅಷ್ಟು ಕಷ್ಟವಲ್ಲ. ಧಮ್ಮದ ಮೊದಲ ಪ್ರಶ್ನೆ ನಿನ್ನಲ್ಲಿ ಆತ್ಮವಿದೆಯೇ ಎಂಬುದಲ್ಲ. ದುಃಖವಿದೆಯೇ ಎಂಬುದು. ಇಂದಿನ ರೋಬೋಟು ಕುಂಯ್ ಎನ್ನುತ್ತದೆ, ಅದಕ್ಕೆ ವೇದನೆಯಿಲ್ಲ. ಬ್ಯಾಟರಿ ಇಳಿಯುತ್ತದೆ, ಹಸಿವಾಗುವುದಿಲ್ಲ. ಆತ್ಮವಿಲ್ಲದೆಯೂ ನಮಗೆ ನೋವಾಗುತ್ತದೆ, ಒಬ್ಬರ ನೋವು ಇನ್ನೊಬ್ಬರಿಗೆ ತಾಗುತ್ತದೆ. ಮೈತ್ರಿ ಹುಟ್ಟುವುದು ಆ ತಾಗುವಿಕೆಯಲ್ಲಿ.

ಕೊಡೈಜಿಯ ಮಿಂದಾರ್ ಬಗ್ಗೆಯೂ ಇದಕ್ಕೆ ಹೊಂದುವ ಒಂದು ಸಂಗತಿ ಇದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆ ಮಂದಿರಕ್ಕೆ ಬಂದವರಲ್ಲಿ ರೋಬೋಟಿನ ಪ್ರವಚನ ಕೇಳಿದವರು ಅದನ್ನು ಮನುಷ್ಯ ಗುರುವಿನಷ್ಟು ನಂಬಲರ್ಹ ಎಂದು ಭಾವಿಸಲಿಲ್ಲ, ಅವರು ಕೊಟ್ಟ ದಾನವೂ ಕಡಿಮೆಯಿತ್ತು. ಸೂತ್ರದ ಪದಗಳಲ್ಲಿ ತಪ್ಪಿರಲಿಲ್ಲ. ಆದರೆ ಶೂನ್ಯತೆ, ತೃಷ್ಣೆ ಎಂದು ಹೇಳುತ್ತಿರುವುದು ಯಾವ ತೃಷ್ಣೆಯನ್ನೂ ಬಿಟ್ಟು ಬಂದಿಲ್ಲ. ನಮ್ಮ ಭಂತೇಜಿಯವರ ಮಾತು ನಮಗೆ ತಾಗುವುದು ಅವರ ಕನ್ನಡ ಚೆನ್ನಾಗಿದೆ ಎಂದಲ್ಲ (ಅವರು ಕ್ಷಮಿಸಲಿ, ವ್ಯಾಕರಣ ಆಗಾಗ ಕೈಕೊಡುತ್ತದೆ). ಅವರು ಏನನ್ನು ಬಿಟ್ಟು ಬಂದರು ಎಂದು ನಮಗೆ ಗೊತ್ತಿರುವುದರಿಂದ. ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದೇ: ಕೂತು ಕೇಳುತ್ತೇನೆ, ಆಡಿಯೋ ಪುಸ್ತಕ ಕೇಳಿದಂತೆ. ಎದ್ದು ನಮಸ್ಕರಿಸುವುದಿಲ್ಲ.

ಜನಸಾಮಾನ್ಯರಿಗೂ ಈ ಗೆರೆ ಎಲ್ಲಿದೆ ಎಂದು ಅಂದಾಜಿದೆ. 2012ರಲ್ಲಿ ಯುರೋಪಿನ ದೇಶಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಶೇಕಡ 70ರಷ್ಟು ಜನ ರೋಬೋಟುಗಳ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನೇ ಹೇಳಿದರು. ಅದೇ ಸಮೀಕ್ಷೆಯಲ್ಲಿ ಶೇಕಡ 60ರಷ್ಟು ಜನ ಮಕ್ಕಳ, ವೃದ್ಧರ, ಅಂಗವಿಕಲರ ಆರೈಕೆಗೆ ಮಾತ್ರ ರೋಬೋಟನ್ನು ನಿಷೇಧಿಸಬೇಕು ಎಂದರು. ಜೇಮ್ಸ್ ರೈಟ್ ಎಂಬ ಸಂಶೋಧಕರು ಜಪಾನಿನ ಒಂದು ವೃದ್ಧಾಶ್ರಮದಲ್ಲಿ ಕೂತು ನೋಡಿ 2023ರಲ್ಲಿ ಪುಸ್ತಕ ಬರೆದರು. ಅಲ್ಲಿ ಕಂಡದ್ದು: ವೃದ್ಧರನ್ನು ಎತ್ತುವ ಯಂತ್ರವನ್ನು ಕೋಣೆಯಿಂದ ಕೋಣೆಗೆ ತಳ್ಳಿಕೊಂಡು ಹೋಗುವುದೇ ಹೆಚ್ಚಿನ ಕೆಲಸವಾಗಿ ಸಿಬ್ಬಂದಿ ಬೇಗ ಕೈಬಿಟ್ಟರು. ಪೆಪ್ಪರ್ ಎಂಬ ರೋಬೋಟು ವ್ಯಾಯಾಮ ಹೇಳಿಕೊಡಬೇಕಿತ್ತು, ಅದರ ಪಕ್ಕದಲ್ಲಿ ನಿಂತು ಸಿಬ್ಬಂದಿಯೇ ಕೈಕಾಲು ಆಡಿಸಿ ತೋರಿಸಬೇಕಾಯಿತು. ಪಾರೋವನ್ನು ಒಬ್ಬ ವೃದ್ಧರು ಬಿಟ್ಟಿರಲಾರದಷ್ಟು ಹಚ್ಚಿಕೊಂಡರು, ಇನ್ನೊಬ್ಬರು ಅದರ ತುಪ್ಪಳ ಸುಲಿಯಲು ನೋಡುತ್ತಿದ್ದರು. ಎರಡನ್ನೂ ಸಂಭಾಳಿಸಬೇಕಾದವರು ಮತ್ತೆ ಸಿಬ್ಬಂದಿಯೇ. ಯಂತ್ರ ಕೊಳ್ಳುವ ತೀರ್ಮಾನ ಮಾಡುವವರು ಒಬ್ಬರು, ಅದರ ಚಾಕರಿ ಮಾಡುವವರು ಇನ್ನೊಬ್ಬರು.

ಹೀಗೆ ನೋಡುತ್ತಾ ಬಂದಾಗ ನನಗೆ ಎದುರಾದದ್ದು ಮುಖ, ಕಣ್ಣು, ತುಪ್ಪಳ ಯಾವುದೂ ಇಲ್ಲದ ಒಂದು ಯಂತ್ರ. ಇದನ್ನು ಯಾರೂ ಸಾಮಾಜಿಕ ರೋಬೋಟ್ ಎಂದು ಕರೆಯುವುದಿಲ್ಲ. ಕೇರಳದ ಯುವ ಇಂಜಿನಿಯರುಗಳು ಮ್ಯಾನ್‌ಹೋಲ್ ಸ್ವಚ್ಛ ಮಾಡಲು 'ಬ್ಯಾಂಡಿಕೂಟ್' ಎಂಬ ರೋಬೋಟ್ ಮಾಡಿದರು, 2018ರಲ್ಲಿ ತಿರುವನಂತಪುರದಲ್ಲಿ ಬಳಕೆಗೆ ಬಂತು. ಅದು ಗುಂಡಿಯೊಳಗೆ ಇಳಿದು ಹೂಳು ಬಾಚುತ್ತದೆ, ಮನುಷ್ಯ ಮೇಲೆ ನಿಂತು ಪರದೆ ನೋಡುತ್ತಾ ನಡೆಸುತ್ತಾನೆ. ಮೊದಲು ಗುಂಡಿಗೆ ಇಳಿಯುತ್ತಿದ್ದವರಿಗೇ ಅದನ್ನು ನಡೆಸಲು ತರಬೇತಿ ಕೊಟ್ಟರು. ಒಪ್ಪಿಗೆಗೆ ಬೇಕೆಂದು ಪಂಡಿತರು ಹೇಳುವುದೆಲ್ಲ ಇಲ್ಲಿದೆ, ಉಪಯೋಗವೂ ಇದೆ, ಸುಲಭವೂ ಹೌದು. ಮಲ ಹೊರುವ ಪದ್ಧತಿಯನ್ನೂ ರಕ್ಷಣೆಯಿಲ್ಲದೆ ಮ್ಯಾನ್‌ಹೋಲಿಗೆ ಇಳಿಸುವುದನ್ನೂ ನಿಷೇಧಿಸಿದ 2013ರ ಕಾಯ್ದೆಯೂ ಇದೆ. ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಜನ ಇಳಿಯುತ್ತಿದ್ದಾರೆ, ಸಾಯುತ್ತಿದ್ದಾರೆ.

ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲಿ ಅರಸು ಅವರ ಸರ್ಕಾರದಲ್ಲಿ ನಿಲ್ಲಿಸಿದ್ದು ಬಸವಲಿಂಗಪ್ಪನವರ ಆದೇಶ. ಕೆಜಿಎಫ್‌ನ ಸಫಾಯಿ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರು ಒಣ ಪಾಯಿಖಾನೆಗಳನ್ನು ಕೆಡವಲು ಜೀವಮಾನವಿಡೀ ಓಡಾಡಬೇಕಾಯಿತು. ಇಬ್ಬರೂ ಯಾವುದೇ ಹೊಸ ಯಂತ್ರ ಬರಲಿ ಎಂದು ಕಾಯಲಿಲ್ಲ. ಮಾತಾಡುವ ಬೊಂಬೆಯನ್ನು ಮನೆಗೆ ತರಲು ಒಂದು ಸಮಾಜ ಬೇಗ ಮನಸ್ಸು ಮಾಡುತ್ತದೆ, ಯಾಕೆಂದರೆ ಅಲ್ಲಿ ಒಂಟಿಯಾಗಿರುವುದು ತಾನು. ಗುಂಡಿಗೆ ಇಳಿಸುವ ಯಂತ್ರಕ್ಕೆ ಟೆಂಡರ್ ಕರೆಯಲು ಅದೇ ಸಮಾಜಕ್ಕೆ ವರ್ಷಗಳು ಬೇಕು, ಯಾಕೆಂದರೆ ಅಲ್ಲಿ ಸಾಯುವುದು ನಾವು.

ಮುಂದಿನ ಭಾನುವಾರ ನಮ್ಮ ಬಳಗದ ಇಬ್ಬರು ಪೌರಕಾರ್ಮಿಕ ಬಂಧುಗಳು ಬರುತ್ತೇನೆಂದು ಹೇಳಿದ್ದಾರೆ. ಜೆಟ್ಟಿಂಗ್ ಯಂತ್ರ ಕೆಟ್ಟು ನಿಂತ ದಿನ ಮೇಸ್ತ್ರಿ ಯಾರಿಗೆ ಫೋನ್ ಮಾಡುತ್ತಾನೆ, ಏನು ಹೇಳಿ ಕರೆಯುತ್ತಾನೆ ಎಂದು ಅವರ ಬಾಯಲ್ಲೇ ಕೇಳೋಣ. ಬರುವಾಗ ಮಹಾವಗ್ಗದ ಆ ರೋಗಿ ಭಿಕ್ಷುವಿನ ಭಾಗವನ್ನು ಓದಿಕೊಂಡು ಬನ್ನಿ. ಹತ್ತೂವರೆಗೆ ಸರಿಯಾಗಿ ಶುರು.

ಜೈ ಭೀಮ್. ನಮೋ ಬುದ್ಧಾಯ.